ಮೂಗಿನ ಆಪರೇಶನ್: ಗಾಳಿಯನ್ನೂ ಅಳೆದು ನೋಡಬಾರದೇ?

ಅಡಿಕೆ ಕೊಡಲು ಹೋದಾಗ ನಾವು ತಕ್ಕಡಿಯ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಸೊಸೈಟಿಗೆ ಹಾಲು ಹಾಕಿದರೆ ಫ್ಯಾಟ್ ಎಷ್ಟು ಬಂತೆಂದು ಕೇಳದೆ ಹಿಂದಿರುಗುವುದಿಲ್ಲ. ಒಬ್ಬರ ತೋಟದಲ್ಲಿ ಕೊಳವೆಬಾವಿ ಕೊರೆದರೆ ಎಷ್ಟು ಇಂಚು ನೀರು ಬಿತ್ತೆಂಬ ಲೆಕ್ಕ ಸಂಜೆಯೊಳಗೆ ಇಡೀ ವಾರ್ಡಿಗೆ ಗೊತ್ತಾಗಿರುತ್ತದೆ. ಆದರೆ ಕೈಯಲ್ಲಿದ್ದ ಅಡಿಕೆಯನ್ನು ಮಾರಿ, ಸಾಲದ್ದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿ ಮೂಗಿನ ಆಪರೇಶನ್ ಮಾಡಿಸಿಕೊಂಡು ಬಂದವರನ್ನು "ಈಗ ಹೇಗಿದೆ?" ಎಂದು ವಿಚಾರಿಸಿದರೆ, "ಪರವಾಗಿಲ್ಲ, ಸ್ವಲ್ಪ ವಾಸಿ ಅನಿಸುತ್ತದೆ" ಎಂಬ ಉತ್ತರ ಸಿಗುತ್ತದೆ. ಎಷ್ಟು ವಾಸಿ? ಮೊದಲು ಮೂಗಿನಲ್ಲಿ ಎಷ್ಟು ಗಾಳಿ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತದೆ? ಅದನ್ನು ಯಾರೂ ಅಳೆದಿಲ್ಲ, ಯಾರೂ ಬರೆದಿಟ್ಟಿಲ್ಲ. ಹೆಂಡತಿ "ಗೊರಕೆ ಹಾಗೆಯೇ ಇದೆ" ಎನ್ನುತ್ತಾಳೆ, ಗಂಡ "ಇಲ್ಲ, ಕಡಿಮೆಯಾಗಿದೆ" ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತನ್ನು ನಂಬುವುದು?

ಮೂಗಿನ ಶಸ್ತ್ರಚಿಕಿತ್ಸೆಯೇ ಬೇಡವೆನ್ನಲು ನಾನು ಇದನ್ನು ಬರೆಯುತ್ತಿಲ್ಲ. ಅಗತ್ಯವಿದ್ದವರಿಗೆ ಅದು ದೊಡ್ಡ ಉಪಕಾರವನ್ನೇ ಮಾಡುತ್ತದೆ. ಅದರ ಆಧಾರವನ್ನು ಮುಂದೆ ಕೊಡುತ್ತೇನೆ. ನನ್ನ ವಾದ ಇಷ್ಟು: ಮೂಗಿನ ಗಾಳಿಯನ್ನು ಅಳೆಯುವ ವಿಧಾನಗಳಿವೆ. ಆಪರೇಶನ್‌ಗೆ ಮೊದಲೊಮ್ಮೆ, ಆದ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಅಳೆದು ಚೀಟಿಯಲ್ಲಿ ಬರೆದುಕೊಡಿ ಎಂದು ರೋಗಿಯೂ ಮನೆಯವರೂ ಕೇಳಬೇಕು. ಹಾಗೆ ಕೇಳುವುದು ಡಾಕ್ಟರರ ಮೇಲೆ ಸಂಶಯ ಪಟ್ಟಂತಲ್ಲ.

ಬಂಧುಗಳೇ, ಮೂಗು ಕಟ್ಟುವ ತೊಂದರೆ ನಮ್ಮಂಥ ಕೃಷಿಕರ ಮನೆಗಳಿಗೆ ಹೊಸದಲ್ಲ. ಭತ್ತ ಬಡಿಯುವಾಗ ಏಳುವ ಧೂಳು, ಬೈಹುಲ್ಲಿನ ಮೆದೆ, ಚಾಲಿ ಅಡಿಕೆ ಸುಲಿಯುವಾಗ ಹಾರುವ ಸಿಪ್ಪೆಯ ಪುಡಿ, ಕೋಳಿಗೂಡು, ಬಚ್ಚಲು ಒಲೆಯ ಹೊಗೆ, ಮಳೆಗಾಲದಲ್ಲಿ ಗೋಡೆಗೂ ಬಟ್ಟೆಗೂ ಹತ್ತುವ ಬೂಷ್ಟು ಇವೆಲ್ಲ ಮೂಗಿನ ಒಳಪೊರೆಯನ್ನು ಕೆರಳಿಸುವಂಥವು. ಬೆಳಿಗ್ಗೆ ಎದ್ದೊಡನೆ ಹತ್ತು ಹದಿನೈದು ಸೀನು, ನೀರಿಳಿಯುವ ಮೂಗು, ರಾತ್ರಿ ಬಾಯಿ ತೆರೆದು ನಿದ್ರೆ. ಇದಕ್ಕೆಲ್ಲ ನಾವು ಇಟ್ಟುಕೊಂಡಿರುವ ಹೆಸರು ಒಂದೇ, "ಸೈನಸ್". ಕೊನೆಗೆ ದೊಡ್ಡಾಸ್ಪತ್ರೆಗೆ ಹೋದರೆ ಸ್ಕ್ಯಾನ್ ಆಗುತ್ತದೆ, "ಮೂಗಿನ ಎಲುಬು ಡೊಂಕು ಇದೆ, ಆಪರೇಶನ್ ಮಾಡಿದರೆ ಒಳ್ಳೆಯದು" ಎಂಬ ಮಾತು ಬರುತ್ತದೆ. ಸ್ಕ್ಯಾನಿನಲ್ಲಿ ಡೊಂಕು ಕಂಡಿದೆ ಎಂದ ಮೇಲೆ ಇನ್ನೇನು ಪ್ರಶ್ನೆ ಎಂದು ನಾವೂ ತಲೆಯಾಡಿಸುತ್ತೇವೆ.

ಪ್ರಶ್ನೆ ಇರುವುದೇ ಅಲ್ಲಿ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ಪೂರಾ ನೇರವಾಗಿರುವವರು ಕಡಿಮೆ. ಹೆಚ್ಚಿನವರಲ್ಲಿ ಅದು ಒಂದಿಷ್ಟು ಎಡಕ್ಕೋ ಬಲಕ್ಕೋ ವಾಲಿಯೇ ಇರುತ್ತದೆ. ಅವರಲ್ಲಿ ಬಹುಮಂದಿಗೆ ಜೀವಮಾನವಿಡೀ ಏನೂ ತೊಂದರೆ ಇಲ್ಲ. ಡೊಂಕು ಇರುವುದು ಒಂದು ವಿಷಯ, ಆ ಡೊಂಕಿನಿಂದಲೇ ಗಾಳಿ ತಡೆದು ನಿಂತಿರುವುದು ಬೇರೆ ವಿಷಯ. ಸ್ಕ್ಯಾನ್ ಎಂಬುದು ತೋಡಿನ ನಕ್ಷೆಯಿದ್ದ ಹಾಗೆ. ತೋಡು ಎಲ್ಲಿ ತಿರುಗುತ್ತದೆ, ಎಲ್ಲಿ ಕಿರಿದಾಗಿದೆ ಎಂಬುದನ್ನು ಅದು ತೋರಿಸುತ್ತದೆ. ನೀರು ಎಷ್ಟು ಹರಿಯುತ್ತದೆಂದು ತಿಳಿಯಲು ನೀರನ್ನೇ ಅಳೆಯಬೇಕು.

ಮೂಗಿನಲ್ಲಿ ಎಲ್ಲ ಜಾಗವೂ ಒಂದೇ ಬೆಲೆಯದ್ದಲ್ಲ. ನಾವು ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಮೂಗಿನ ತುದಿಯಿಂದ ಶ್ವಾಸಕೋಶದ ಕೊನೆಯವರೆಗೆ ಆ ಗಾಳಿಗೆ ಎದುರಾಗುವ ಒಟ್ಟು ತಡೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೂಗಿನಲ್ಲಿಯೇ ಇರುತ್ತದೆ. ಅದರಲ್ಲಿಯೂ ಹೆಚ್ಚಿನ ಪಾಲು ಹೊಳ್ಳೆಯಿಂದ ಸ್ವಲ್ಪವೇ ಒಳಗಿರುವ ಅತಿ ಕಿರಿದಾದ ಒಂದು ಜಾಗದಲ್ಲಿ. ಡಾಕ್ಟರರು ಅದನ್ನು ಮೂಗಿನ ವಾಲ್ವ್ ಎನ್ನುತ್ತಾರೆ. ತೋಟಕ್ಕೆ ಪೈಪು ಹಾಕಿಸಿದವರಿಗೆ ಇದು ಬೇಗ ಅರ್ಥವಾದೀತು. ಒಂದಿಂಚಿನ ಪೈಪಿನ ನಡುವೆ ಒಂದು ಅಡಿ ಉದ್ದ ಅರ್ಧ ಇಂಚಿನ ತುಂಡು ಜೋಡಿಸಿದರೆ ತುದಿಯಲ್ಲಿ ನೀರು ಹೇಗೆ ಸಣ್ಣಗಾಗುತ್ತದೆ ನೋಡಿ. ಅಲುಗಾಟವಿಲ್ಲದೆ ಹರಿಯುವ ದ್ರವಕ್ಕೆ ಕೊಳವೆಯ ಅಗಲ ಅರ್ಧವಾದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಮೂಗಿನೊಳಗೆ ಗಾಳಿ ಸುಳಿಸುಳಿಯಾಗಿ ತಿರುಗುವುದರಿಂದ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಆದರೂ ವಿಷಯದ ತಿರುಳು ಅದೇ. ವಾಲ್ವಿನ ಹತ್ತಿರ ಒಂದೆರಡು ಮಿಲಿಮೀಟರ್ ಡೊಂಕಿದ್ದರೆ ಉಸಿರು ಕಟ್ಟಬಹುದು. ಅದಕ್ಕಿಂತ ಎಷ್ಟೋ ದೊಡ್ಡ ಡೊಂಕು ಹಿಂದುಗಡೆ ಅಗಲವಾದ ಜಾಗದಲ್ಲಿದ್ದರೆ ಗೊತ್ತೇ ಆಗದಿರಬಹುದು. ಕಣ್ಣಿಗೆ ದೊಡ್ಡದಾಗಿ ಕಂಡದ್ದೇ ಕಾರಣವೆನ್ನುವಂತಿಲ್ಲ.

ಇನ್ನೊಂದು ತೊಡಕೂ ಇದೆ. ನಮ್ಮ ಎರಡು ಹೊಳ್ಳೆಗಳು ಒಂದೇ ಸಮನೆ ಕೆಲಸ ಮಾಡುವುದಿಲ್ಲ. ಕೆಲವು ಗಂಟೆ ಎಡಗಡೆ ಹೆಚ್ಚು ತೆರೆದಿರುತ್ತದೆ, ಆಮೇಲೆ ಬಲಗಡೆ. ನಮ್ಮ ನಾಡಿನ ಯೋಗಿಗಳು ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. ಯಾವ ಸ್ವರ ನಡೆಯುತ್ತಿದೆ ಎಂದು ನೋಡಿ ಪ್ರಯಾಣಕ್ಕೆ ಹೊರಡುವ ಹಿರಿಯರೂ ಇದ್ದರು. ಶುಭಾಶುಭದ ಮಾತು ಹಾಗಿರಲಿ, ಗಾಳಿ ಬದಲಾಗುವುದಂತೂ ನಿಜ. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವೈದ್ಯಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು. ಹೊಳ್ಳೆಯ ಪಕ್ಕದ ಗೋಡೆಯಿಂದ ಸುರುಳಿಯ ಹಾಗೆ ಚಾಚಿಕೊಂಡಿರುವ ಟರ್ಬಿನೇಟ್ ಎಂಬ ಭಾಗಗಳಲ್ಲಿ ರಕ್ತ ತುಂಬಿದಾಗ ಅವು ಉಬ್ಬುತ್ತವೆ, ರಕ್ತ ಇಳಿದಾಗ ಕುಗ್ಗುತ್ತವೆ. ಹೀಗಾಗಿ ಡಾಕ್ಟರರು ಬೆಳಿಗ್ಗೆ 10 ಗಂಟೆಗೆ ನೋಡಿದಾಗ ಕಟ್ಟಿದ್ದ ಬದಿ ಮಧ್ಯಾಹ್ನ 2ಕ್ಕೆ ತೆರೆದಿರಬಹುದು. ಒಂದೇ ಬದಿಯನ್ನು ಒಂದೇ ಸಲ ನೋಡಿ ತೀರ್ಮಾನಿಸುವುದು ಸರಿಯಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹಾಗಾದರೆ ಅಳೆಯುವುದು ಹೇಗೆ? ಹಳೆಯ ವಿಧಾನ ಬಲು ಸುಲಭದ್ದು. 1889ರಲ್ಲಿ ಹಾಲೆಂಡಿನ ಜ್ವಾರ್ಡೆಮೇಕರ್ ಎಂಬ ವಿಜ್ಞಾನಿ ಮೂಗಿನ ಕೆಳಗೆ ತಣ್ಣಗಿನ ಕನ್ನಡಿ ಹಿಡಿದು, ಎರಡು ಹೊಳ್ಳೆಗಳಿಂದ ಬಿದ್ದ ಆವಿಯ ಮಚ್ಚೆಗಳ ಗಾತ್ರವನ್ನು ನೋಡಿದರು. ಊಟದ ಸ್ಟೀಲ್ ತಟ್ಟೆಯಲ್ಲಿ ನಾವೂ ಇದನ್ನು ಮಾಡಿ ನೋಡಬಹುದು, ಮಕ್ಕಳಿಗೆ ಒಳ್ಳೆಯ ಆಟ. ಒಂದು ಬದಿ ಪೂರಾ ಮುಚ್ಚಿದೆಯೋ ಎಂಬಷ್ಟನ್ನು ಇದು ಹೇಳುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಎರಡನೆಯದು ಮೂಗಿನ ಪೀಕ್ ಫ್ಲೋ ಮೀಟರು. ದಮ್ಮು ಇರುವವರು ಬಾಯಿಯಿಂದ ಊದಿ ನೋಡುವ ಕೊಳವೆಯನ್ನು ಕೆಲವರು ಕಂಡಿರಬಹುದು. ಅದೇ ಜಾತಿಯ ಉಪಕರಣಕ್ಕೆ ಒಂದು ಮುಖವಾಡ ಜೋಡಿಸಿ, ಊದುವ ಬದಲು ಮೂಗಿನಿಂದ ಎಳೆದು ನೋಡುವಂತೆ ಮಾಡಿದ್ದಾರೆ. 1980ರಲ್ಲಿ ಇಂಗ್ಲೆಂಡಿನ ಯೂಲ್ಟನ್ ಎಂಬ ವೈದ್ಯರು ಇದರ ಬಗ್ಗೆ ಬರೆದರು. ಬಾಯಿ ಮುಚ್ಚಿ, ಮುಖವಾಡವನ್ನು ಬಿಗಿಯಾಗಿ ಒತ್ತಿ ಹಿಡಿದು, ಮೂಗಿನಿಂದ ಒಮ್ಮೆಗೆ ಜೋರಾಗಿ ಉಸಿರು ಎಳೆಯಬೇಕು. ಮುಳ್ಳು ಎಲ್ಲಿಯವರೆಗೆ ಸರಿಯಿತೋ ಅದು ನಿಮಿಷಕ್ಕೆ ಎಷ್ಟು ಲೀಟರ್ ವೇಗ ಎಂಬುದನ್ನು ತೋರಿಸುತ್ತದೆ. ಮೂರು ಸಲ ಎಳೆಸಿ ಹೆಚ್ಚು ಬಂದದ್ದನ್ನು ಬರೆದುಕೊಳ್ಳುತ್ತಾರೆ. ಆರೋಗ್ಯವಂತ ಪ್ರಾಯದವರಲ್ಲಿ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು ಬರುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಸ್ವಲ್ಪ ಕಡಿಮೆ. ಚಿಕಿತ್ಸೆಯ ಮೊದಲೂ ಆಮೇಲೂ ನೋಡಿದಾಗ ಸುಮಾರು 20 ಲೀಟರಿನಷ್ಟಾದರೂ ಏರಿಕೆ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕರೆಂಟು ಬೇಡ, ಕಂಪ್ಯೂಟರ್ ಬೇಡ, ಒಂದು ಅಂಗೈಯಲ್ಲಿ ಹಿಡಿಯುವಷ್ಟಿದೆ. ಕೊರತೆಯೂ ಇದೆ: ಎಳೆಯುವ ಶಕ್ತಿ ಶ್ವಾಸಕೋಶದ್ದಾದ್ದರಿಂದ ದಮ್ಮಿನವರಲ್ಲಿ, ಬಹಳ ವರ್ಷ ಬೀಡಿ ಸೇದಿದವರಲ್ಲಿ ಮೂಗು ಚೆನ್ನಾಗಿದ್ದರೂ ಸಂಖ್ಯೆ ಕಡಿಮೆ ಬರಬಹುದು. ಸಣ್ಣ ಮಕ್ಕಳಿಗೆ ಎಳೆಯುವ ಕ್ರಮವೇ ತಿಳಿಯುವುದಿಲ್ಲ.

ಮೂರನೆಯದು ರೈನೊಮಾನೊಮೆಟ್ರಿ. ಹೆಸರು ಉದ್ದ, ಕೆಲಸ ಸರಳ. ಒಂದು ಹೊಳ್ಳೆಗೆ ಟೇಪು ಹಚ್ಚಿ ಅದರಲ್ಲಿ ಒತ್ತಡ ನೋಡುವ ಸಣ್ಣ ನಳಿಕೆ ಇಡುತ್ತಾರೆ. ಇನ್ನೊಂದು ಹೊಳ್ಳೆಯಿಂದ ಮುಖವಾಡದೊಳಗೆ ಸಹಜವಾಗಿ ಉಸಿರಾಡಲು ಹೇಳುತ್ತಾರೆ. ಎಷ್ಟು ಒತ್ತಡಕ್ಕೆ ಎಷ್ಟು ಗಾಳಿ ಹರಿಯಿತು ಎಂಬುದು ಗೆರೆಯಾಗಿ ಮೂಡುತ್ತದೆ. ಪಂಪಿನ ಒತ್ತಡ ಗೊತ್ತಿದ್ದು, ನೀರಿನ ಪ್ರಮಾಣ ಗೊತ್ತಿದ್ದರೆ ಪೈಪು ಎಷ್ಟು ಕಟ್ಟಿದೆ ಎಂದು ಹೇಳಬಹುದಲ್ಲವೇ, ಹಾಗೆ. ಒಂದೊಂದು ಕಡೆ ಒಂದೊಂದು ರೀತಿ ಅಳೆಯಬಾರದೆಂದು 1984ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು 150 ಪಾಸ್ಕಲ್ ಒತ್ತಡದಲ್ಲಿ ತಡೆಯನ್ನು ಲೆಕ್ಕ ಹಾಕಬೇಕೆಂದು ಶಿಫಾರಸು ಮಾಡಿತು. ಎಳೆಯುವ ಬಲದ ಪ್ರಶ್ನೆ ಇಲ್ಲಿಲ್ಲ, ಎಡ ಬಲ ಬೇರೆ ಬೇರೆ ತಿಳಿಯುತ್ತದೆ. ಆದರೆ ಯಂತ್ರ ದುಬಾರಿ, ಹಿಡಿದು ಮಾಡುವವರಿಗೆ ತರಬೇತಿ ಬೇಕು. ಶಬ್ದದ ಅಲೆ ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಮೂಗಿನೊಳಗಿನ ಅಗಲವನ್ನು ನೋಡುವ ಇನ್ನೊಂದು ಕ್ರಮ 1989ರಲ್ಲಿ ಬಂತು. ಅದು ಅಗಲವನ್ನು ಹೇಳುತ್ತದೆ, ಗಾಳಿಯನ್ನಲ್ಲ.

ಈ ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅಳತೆಯ ಜೊತೆಗೆ ಮಾಡುವ ಒಂದು ಸಣ್ಣ ಪರೀಕ್ಷೆ. ಮೊದಲು ಗಾಳಿ ಅಳೆಯುತ್ತಾರೆ. ಆಮೇಲೆ ಎರಡೂ ಹೊಳ್ಳೆಗೆ ಊತ ಇಳಿಸುವ ಔಷಧವನ್ನು ಸಿಂಪಡಿಸಿ, ಕಾಲು ಗಂಟೆ ಕೂರಿಸಿ, ಮತ್ತೆ ಅಳೆಯುತ್ತಾರೆ. ಔಷಧದಿಂದ ಕುಗ್ಗುವುದು ಒಳಪೊರೆ ಮಾತ್ರ, ಎಲುಬು ಕುಗ್ಗುವುದಿಲ್ಲ. ಎರಡನೆಯ ಸಲ ಸಂಖ್ಯೆ ಚೆನ್ನಾಗಿ ಏರಿದರೆ ತಡೆ ಬಹುಮಟ್ಟಿಗೆ ಊತದ್ದು, ಅಂದರೆ ಧೂಳು, ಬೂಷ್ಟು, ಅಲರ್ಜಿ, ಹೊಗೆ ಇವುಗಳದ್ದು. ಏರದೆ ಹಾಗೆಯೇ ನಿಂತರೆ ಎಲುಬು ಅಥವಾ ಮೃದ್ವಸ್ಥಿಯ ತಡೆ ಇರಬೇಕು. ಮೊದಲಿನವರಿಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು, ಡಾಕ್ಟರರು ಹೇಳಿದ ಸ್ಟೆರಾಯ್ಡ್ ಸ್ಪ್ರೇಯನ್ನು ಕ್ರಮವಾಗಿ ಕೆಲವು ವಾರ ಬಳಸುವುದು, ಸುಲಿಯುವಾಗ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟುವುದು ಮೊದಲ ಚಿಕಿತ್ಸೆ. ಅವರ ನಡುಗೋಡೆಯನ್ನು ನೇರ ಮಾಡಿದರೂ ಮುಂದಿನ ಕೊಯ್ಲಿಗೆ ಮೂಗು ಪುನಃ ಕಟ್ಟುತ್ತದೆ, ಏಕೆಂದರೆ ಹೊಲ ಅಲ್ಲಿಯೇ ಇದೆ, ಧೂಳೂ ಅಲ್ಲಿಯೇ ಇದೆ. "ಆಪರೇಶನ್ ಮಾಡಿದರೂ ಮತ್ತೆ ಬೆಳೆಯಿತು" ಎಂದು ನಮ್ಮಲ್ಲಿ ಹೇಳುವ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಎಂದು ನನ್ನ ಊಹೆ. ಎಲುಬು ಬೆಳೆದಿರುವುದಿಲ್ಲ, ಪೊರೆ ಊದಿಕೊಂಡಿರುತ್ತದೆ. ದುರ್ಮಾಂಸದ ವಿಷಯ ಬೇರೆ. ಅದು ನಿಜವಾಗಿಯೂ ಮರಳಿ ಬರುವುದುಂಟು.

ಪರೀಕ್ಷೆಗೆ ಬಳಸುವ ಆ ಊತ ಇಳಿಸುವ ಔಷಧವೇ ಮೆಡಿಕಲ್ ಶಾಪಿನಲ್ಲಿ ಮೂಗಿನ ಹನಿಯಾಗಿ ಸಿಗುತ್ತದೆ. ಅದನ್ನು ಐದಾರು ದಿನಕ್ಕಿಂತ ಹೆಚ್ಚು ಹಾಕಬಾರದು. ತಿಂಗಳುಗಟ್ಟಲೆ ಹಾಕುವವರ ಮೂಗು ಆ ಹನಿಯಿಂದಲೇ ಕಟ್ಟಲು ಸುರುವಾಗುತ್ತದೆ. ಹನಿ ಹಾಕದೆ ನಿದ್ರೆ ಬಾರದ ಸ್ಥಿತಿಗೆ ಬರುತ್ತಾರೆ. ಅಂಥವರು ಹನಿ ಬಿಡುವ ಮೊದಲೇ ಆಪರೇಶನ್ ಮಾಡಿಸಿಕೊಳ್ಳಲು ಹೊರಡುವುದು ಬುದ್ಧಿವಂತಿಕೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಳತೆಯ ವಿರುದ್ಧದ ಮಾತನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ತಥ್ಯವಿದೆ. ಯಂತ್ರದ ಸಂಖ್ಯೆಯೂ ರೋಗಿಯ ಅನುಭವವೂ ಎಷ್ಟೋ ಸಲ ಹೊಂದುವುದಿಲ್ಲ. ಗಾಳಿ ಧಾರಾಳ ಹೋಗುತ್ತಿದ್ದರೂ "ಕಟ್ಟಿದೆ" ಎನ್ನುವವರಿದ್ದಾರೆ, ಸಂಖ್ಯೆ ಕಡಿಮೆ ಇದ್ದರೂ ಸುಖವಾಗಿರುವವರಿದ್ದಾರೆ. ಕಾರಣವೇನು? 1983ರಲ್ಲಿ ಬ್ರಿಟನ್ನಿನ ಎಕಲ್ಸ್ ಮತ್ತು ಜೋನ್ಸ್ ಎಂಬವರು ಜನರಿಗೆ ಮೆಂಥಾಲ್ ಮೂಸಲು ಕೊಟ್ಟು ನೋಡಿದರು. ಮೂಗು ತೆರೆದಂತಾಯಿತು ಎಂದು ಬಹಳ ಮಂದಿ ಹೇಳಿದರು, ಆದರೆ ಮೂಗಿನ ತಡೆಯಲ್ಲಿ ಬದಲಾವಣೆ ಆಗಿರಲಿಲ್ಲ. ಶೀತವಾದಾಗ ನಾವು ವಿಕ್ಸ್ ಹಚ್ಚಿಕೊಂಡು "ಅಬ್ಬ, ಮೂಗು ಬಿಟ್ಟಿತು" ಎನ್ನುವುದು ಇದೇ ಸಂಗತಿ. ಒಳಗೆ ಹೋಗುವ ಗಾಳಿ ಪೊರೆಯನ್ನು ತಂಪು ಮಾಡುತ್ತದೆ. ಆ ತಂಪನ್ನು ಗುರುತಿಸುವ ನರದ ತುದಿಗಳು "ಗಾಳಿ ಬಂತು" ಎಂದು ಮಿದುಳಿಗೆ ಹೇಳುತ್ತವೆ. ಮೆಂಥಾಲ್ ಅದೇ ತುದಿಗಳನ್ನು ಮುಟ್ಟಿ ಮಿದುಳನ್ನು ನಂಬಿಸುತ್ತದೆ. ತಂಪನ್ನೂ ಮೆಂಥಾಲನ್ನೂ ಗುರುತಿಸುವ ಈ ಗ್ರಾಹಕವನ್ನು 2002ರಲ್ಲಿ ಪತ್ತೆ ಮಾಡಿದವರಲ್ಲಿ ಡೇವಿಡ್ ಜೂಲಿಯಸ್ ಒಬ್ಬರು. ಬಿಸಿ, ತಂಪು, ಸ್ಪರ್ಶ ಇವುಗಳ ಗ್ರಾಹಕಗಳ ಸಂಶೋಧನೆಗಾಗಿ 2021ರ ನೊಬೆಲ್ ಪ್ರಶಸ್ತಿ ಅವರಿಗೂ ಆರ್ಡೆಮ್ ಪಟಪೌಟಿಯನ್ ಅವರಿಗೂ ಸಿಕ್ಕಿತು.

ಇದರ ಇನ್ನೊಂದು ಮುಖ ಸ್ವಲ್ಪ ಭಯಂಕರವಾದದ್ದು. ಟರ್ಬಿನೇಟ್‌ಗಳನ್ನು ತೀರಾ ಹೆಚ್ಚು ಕತ್ತರಿಸಿ ತೆಗೆದ ಕೆಲವರಲ್ಲಿ ಮೂಗು ಗುಹೆಯ ಹಾಗೆ ವಿಶಾಲವಾಗಿ, ಗಾಳಿಯ ತಡೆ ಬಹಳ ಇಳಿದಿದ್ದರೂ ಉಸಿರು ಕಟ್ಟಿದಂತೆಯೇ ಅನಿಸುತ್ತದೆ. ತಂಪನ್ನು ತಿಳಿಯುವ ಪೊರೆಯೇ ಹೋಗಿದೆ, ಒಳಗೆಲ್ಲ ಒಣಗಿ ಹಕ್ಕಳೆ ಕಟ್ಟುತ್ತದೆ. 1994ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಇದಕ್ಕೆ ಖಾಲಿ ಮೂಗಿನ ತೊಂದರೆ ಎಂಬ ಅರ್ಥದ ಹೆಸರಿಟ್ಟರು. ಅಪರೂಪದ್ದು, ಆದರೆ ಬಂದವರ ಪಾಡು ಕಷ್ಟ. ಆದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭ್ರಮೆ ಬೇಡ. ಹಾಲಿನ ಹಾಗೆ ಇದರಲ್ಲಿ ಅಂಕ ಏರಿದಷ್ಟು ರೇಟು ಏರುವುದಿಲ್ಲ.

ಹಾಗೆಂದು ಅಳತೆಯನ್ನೇ ಬಿಡಬೇಕೇ? ಬಿಡಬಾರದು, ಅದರ ಜೊತೆಗೆ ರೋಗಿಯ ಅನುಭವವನ್ನೂ ಅಳೆಯಬೇಕು. ಅದಕ್ಕೂ ಕ್ರಮವಿದೆ. 2004ರಲ್ಲಿ ಅಮೆರಿಕದ ವೈದ್ಯರು ಐದು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಕಳೆದ ಒಂದು ತಿಂಗಳಲ್ಲಿ ಮೂಗು ಬಿಗಿದಂತಿತ್ತೇ, ಮುಚ್ಚಿಹೋದಂತಿತ್ತೇ, ಮೂಗಿನಿಂದ ಉಸಿರಾಡಲು ಕಷ್ಟವಾಯಿತೇ, ನಿದ್ರೆಗೆ ತೊಂದರೆಯಾಯಿತೇ, ಮೈಬಗ್ಗಿಸಿ ಕೆಲಸ ಮಾಡುವಾಗ ಮೂಗಿನಿಂದ ಸಾಕಷ್ಟು ಗಾಳಿ ಸಿಗಲಿಲ್ಲವೇ ಎಂಬವು ಆ ಪ್ರಶ್ನೆಗಳು. ತೊಂದರೆ ಏನೂ ಇಲ್ಲದಿದ್ದರೆ 0, ಅತಿಯಾಗಿದ್ದರೆ 4. ಐದನ್ನೂ ಕೂಡಿಸಿ 5ರಿಂದ ಗುಣಿಸಿದರೆ 100ರೊಳಗಿನ ಒಂದು ಅಂಕ ಬರುತ್ತದೆ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಬಹುದು. ಆಪರೇಶನ್‌ಗೆ ಮೊದಲು 70 ಇದ್ದದ್ದು ಆರು ತಿಂಗಳ ಮೇಲೆ 20ಕ್ಕೆ ಇಳಿದರೆ ಗಂಡ ಹೆಂಡತಿ ವಾದ ಮಾಡಬೇಕಾಗಿಲ್ಲ.

ಅಳೆದು ನೋಡಿದವರಿಗೆ ಏನು ಕಂಡಿತು ಎಂಬುದಕ್ಕೆ ಎರಡು ಉದಾಹರಣೆ ಸಾಕು. ನಡುಗೋಡೆ ನೇರಮಾಡುವ ಆಪರೇಶನ್ ಲೋಕದಲ್ಲೆಲ್ಲ ಬಹುಕಾಲದಿಂದ ನಡೆಯುತ್ತಿದ್ದರೂ ಅದು ಔಷಧಕ್ಕಿಂತ ಮೇಲೆಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಹಾಲೆಂಡಿನಲ್ಲಿ 203 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಆಪರೇಶನ್, ಇನ್ನೊಂದಕ್ಕೆ ಆಪರೇಶನ್ ಇಲ್ಲದ ಚಿಕಿತ್ಸೆ ಕೊಟ್ಟರು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಒಂದು ವರ್ಷದ ಮೇಲೆ ಆಪರೇಶನ್ ಆದವರ ಆರೋಗ್ಯದ ಅಂಕ 72.2, ಉಳಿದವರದ್ದು 63.9. ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ 378 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಪಾಲಿಗೆ ಆಪರೇಶನ್, ಇನ್ನೊಂದಕ್ಕೆ ಆರು ತಿಂಗಳ ಸ್ಟೆರಾಯ್ಡ್ ಮತ್ತು ಉಪ್ಪುನೀರಿನ ಸ್ಪ್ರೇ. ಆರು ತಿಂಗಳ ಮೇಲೆ ತೊಂದರೆಯ ಅಂಕ ಆಪರೇಶನ್ ಆದವರಲ್ಲಿ 19.9, ಸ್ಪ್ರೇಯವರಲ್ಲಿ 39.5. ಅಂಕ ಕಡಿಮೆಯಾದಷ್ಟು ಸುಖ ಹೆಚ್ಚು. ಆಪರೇಶನ್ ಆದ 100ರಲ್ಲಿ 4 ಮಂದಿ ರಕ್ತಸ್ರಾವದಿಂದ ಮತ್ತೆ ಆಸ್ಪತ್ರೆ ಸೇರಬೇಕಾಯಿತು, 12 ಮಂದಿಗೆ ಸೋಂಕಿಗಾಗಿ ಆ್ಯಂಟಿಬಯೋಟಿಕ್ ಬೇಕಾಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಗಮನಿಸಬೇಕಾದ್ದೆಂದರೆ, ಬ್ರಿಟನ್ನಿನ ಪರೀಕ್ಷೆಗೆ ಸೇರಿಸಿಕೊಳ್ಳುವ ಮೊದಲೇ ಪ್ರತಿಯೊಬ್ಬರಲ್ಲಿಯೂ ಆ ಐದು ಪ್ರಶ್ನೆ ಕೇಳಿದ್ದರು; ಕನಿಷ್ಠ 30 ಅಂಕದಷ್ಟಾದರೂ ತೊಂದರೆ ಇದ್ದವರನ್ನು ಮಾತ್ರ ಆರಿಸಿದ್ದರು. ಅಂದರೆ ಒಳ್ಳೆಯ ಫಲ ಬಂದದ್ದು ಆರಿಸಿದವರಲ್ಲಿ. ಸ್ಕ್ಯಾನಿನಲ್ಲಿ ಡೊಂಕು ಕಂಡ ಎಲ್ಲರಿಗೂ ಈ ಫಲವನ್ನು ಹಂಚಲಾಗದು.

"ನಾವು ದೂರದರ್ಶಕ ಹಾಕಿ ಕಣ್ಣಾರೆ ನೋಡುತ್ತೇವೆ, ವರ್ಷಗಳ ಅನುಭವವಿದೆ, ಈ ಯಂತ್ರಗಳ ಅಗತ್ಯವೇನು?" ಎನ್ನುವ ಡಾಕ್ಟರರಿದ್ದಾರೆ. ಅವರ ಅನುಭವವನ್ನು ನಾನು ಕಡೆಗಣಿಸುವುದಿಲ್ಲ. ಹೊರದೇಶಗಳಲ್ಲಿಯೂ ಅಳೆಯದೆ ಮಾಡುವ ನುರಿತ ಶಸ್ತ್ರವೈದ್ಯರು ಬಹಳ. ಒಬ್ಬ ರೋಗಿಗೆ ಹತ್ತು ನಿಮಿಷ ಕೊಡಲೂ ಪುರುಸೊತ್ತಿಲ್ಲದ ಓಪಿಯಲ್ಲಿ ಇನ್ನೊಂದು ಪರೀಕ್ಷೆ ಎಂದರೆ ಹೊರೆಯೇ. ಆದರೆ ಅನುಭವವೆಂಬುದು ತಿರುಗಿ ಬಂದ ರೋಗಿಗಳಿಂದ ಬೆಳೆಯುವಂಥದ್ದು. ತಿರುಗಿ ಬಾರದವರ ಮೂಗು ಹೇಗಿದೆ ಎಂದು ಡಾಕ್ಟರರಿಗೆ ತಿಳಿಯುವ ದಾರಿ ಯಾವುದು? ಸ್ವೀಡನ್ ದೇಶದಲ್ಲಿ ಈ ಆಪರೇಶನ್‌ಗೆಂದೇ ರಾಷ್ಟ್ರೀಯ ದಾಖಲೆ ಪುಸ್ತಕವೊಂದಿದೆ. ಆಪರೇಶನ್ ಆದವರನ್ನು ತಿಂಗಳುಗಳ ಮೇಲೆ ಹುಡುಕಿ ಕೇಳಿ ಉತ್ತರವನ್ನು ಬರೆದಿಡುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡದು ಕೂಡಲೇ ಆಗದಿದ್ದರೂ ಒಂದು ಆಸ್ಪತ್ರೆ ತನ್ನದೇ ರೋಗಿಗಳ ಲೆಕ್ಕವನ್ನು ಇಡಬಹುದು.

ನಮ್ಮ ಕಡೆಯ ತಪ್ಪೂ ಇಲ್ಲದಿಲ್ಲ. ಕುಂಬಳೆ, ಬೇಳ, ಮಂಜೇಶ್ವರದ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಆಪರೇಶನ್ ಮಾಡಿಸಿಕೊಂಡವರಲ್ಲಿ ಮೊದಲ ವಾರದ ಡ್ರೆಸ್ಸಿಂಗ್‌ಗೆ ಹೋಗುವವರು ಹೆಚ್ಚು, ಆರನೆಯ ತಿಂಗಳಿಗೆ ಹೋಗುವವರು ಕಡಿಮೆ. ಹೋಗಿಬರುವ ಖರ್ಚು, ಒಂದು ದಿನದ ಕೆಲಸ, ದನ ಕರುಗಳನ್ನು ನೋಡುವವರಿಲ್ಲ, "ಈಗ ಅಡ್ಡಿಯಿಲ್ಲವಲ್ಲ, ಸುಮ್ಮನೆ ಯಾಕೆ?" ಎಂದು ಬಿಡುತ್ತಾರೆ. ಆದರೆ ನಿಜವಾದ ಫಲ ತಿಳಿಯುವುದು ಆಗಲೇ. ಮೊದಲ ವಾರಗಳಲ್ಲಿ ಊತ, ಹಕ್ಕಳೆ ಇರುತ್ತವೆ; ಆಗ ಅಳೆದರೆ ಅರ್ಥವಿಲ್ಲ. ಮೂರರಿಂದ ಆರು ತಿಂಗಳ ಮೇಲೆ, ಸಾಧ್ಯವಾದರೆ ಮೊದಲು ಅಳೆದ ಹೊತ್ತಿನಲ್ಲಿಯೇ, ಶೀತ ಇಲ್ಲದಾಗ ಅಳೆಯಬೇಕು. ಬೇಸಗೆಯಲ್ಲಿ ಅಳೆದದ್ದನ್ನು ಜುಲೈ ಮಳೆಯ ಅಳತೆಗೆ ಹೋಲಿಸಬಾರದು. ಮೂಗಿನ ಹೊಳ್ಳೆಗಳು ಸರದಿಯಂತೆ ತೆರೆಯುವುದರಿಂದ ಎರಡೂ ಬದಿಯ ಒಟ್ಟು ಲೆಕ್ಕವನ್ನೂ ಕೇಳಿ.

ಗೊರಕೆಯ ವಿಷಯದಲ್ಲಿ ಒಂದು ಮಾತು. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಮೂಗಿನ ಆಪರೇಶನ್ ಒಂದರಿಂದಲೇ ಅದು ಗುಣವಾಗುವುದು ಕಡಿಮೆ, ಏಕೆಂದರೆ ಅವರಲ್ಲಿ ತಡೆ ಇರುವುದು ಹೆಚ್ಚಾಗಿ ಗಂಟಲಿನಲ್ಲಿ. ಮೂಗಿನ ಅಳತೆ ಸರಿಯಾಗಿಯೇ ಬಂದು ಗೊರಕೆ ಹಾಗೆಯೇ ಉಳಿದರೆ ಆಪರೇಶನ್ ಕೆಟ್ಟಿತೆಂದು ಅರ್ಥವಲ್ಲ; ನಿದ್ರೆಯ ಪರೀಕ್ಷೆ ಬೇರೆಯೇ ಮಾಡಿಸಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ ನೋಡುತ್ತಾರೆ. ಮೂಗು ಗಂಟಲಿನ ಡಾಕ್ಟರರು ಬರುವಾಗ ಒಂದು ಮೂಗಿನ ಪೀಕ್ ಫ್ಲೋ ಮೀಟರನ್ನೂ ಬೇಕಾದಷ್ಟು ಮುಖವಾಡಗಳನ್ನೂ ತರಲು ಸಂಘಟಕರು ವಿನಂತಿಸಬಹುದು. ಒಬ್ಬರು ಬಳಸಿದ ಮುಖವಾಡವನ್ನು ಶುದ್ಧ ಮಾಡದೆ ಇನ್ನೊಬ್ಬರ ಮುಖಕ್ಕೆ ಇಡಬಾರದು, ಅಷ್ಟು ಜಾಗ್ರತೆ ಬೇಕು. ತೆನೆ ಹಬ್ಬ ಕಳೆದು ಕೊಯ್ಲು ಆರಂಭವಾಗುವ ಮೊದಲು ಒಮ್ಮೆ, ಬಡಿಯುವ ಕೆಲಸ ಮುಗಿದ ಮೇಲೆ ಒಮ್ಮೆ ಹೀಗೆ ಎರಡು ಸಲ ನೋಡಿದರೆ ಧೂಳು ನಮ್ಮ ಮೂಗಿಗೆ ಏನು ಮಾಡುತ್ತದೆಂಬುದನ್ನೂ ಕಣ್ಣಾರೆ ಕಾಣಬಹುದು. ಸ್ತ್ರೀಸಂಘಟನೆಯವರು ಮನಸ್ಸು ಮಾಡಿದರೆ ಐದು ಪ್ರಶ್ನೆಗಳ ಚೀಟಿಯನ್ನು ವಾರ್ಡಿನ ಮನೆಮನೆಗೆ ಮುಟ್ಟಿಸುವುದು ದೊಡ್ಡ ಕೆಲಸವಲ್ಲ.

ಕೆಲವು ಸಂದರ್ಭಗಳಲ್ಲಿ ಮಾತ್ರ ಅಳತೆಗೆಂದು ಕಾಯುತ್ತಾ ಕೂರಬೇಡಿ. ಪ್ರಾಯದವರಲ್ಲಿ ಒಂದೇ ಬದಿ ಕಟ್ಟಿ, ಆ ಬದಿಯಿಂದ ಆಗಾಗ ರಕ್ತ ಬರುತ್ತಿದ್ದರೆ ಕೂಡಲೇ ತಜ್ಞರಿಗೆ ತೋರಿಸಬೇಕು. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಕೀವು ಇಳಿಯುತ್ತಿದ್ದರೆ ಹುಣಸೆ ಬೀಜವೋ ಮಣಿಯೋ ಒಳಗೆ ಸಿಕ್ಕಿರಬಹುದು. ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಆಟಿಕೆಯ ಅಥವಾ ವಾಚಿನ ಸಣ್ಣ ಬ್ಯಾಟರಿ ಹೋಗಿದೆ ಎಂಬ ಸಂಶಯವಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಅದು ಕೆಲವೇ ಗಂಟೆಗಳಲ್ಲಿ ಒಳಗನ್ನು ಸುಡುತ್ತದೆ. ಉಳಿದವರಿಗೆ ಸಮಯವಿದೆ. ಆಪರೇಶನ್‌ನ ದಿನ ಗೊತ್ತುಮಾಡುವ ಮೊದಲು ಡಾಕ್ಟರರಲ್ಲಿ ಮೂರು ಮಾತು ಕೇಳಿ: ತಡೆ ಇರುವುದು ಎಲುಬಿನದ್ದೋ ಊತದ್ದೋ, ಅದನ್ನು ಔಷಧ ಸಿಂಪಡಿಸಿ ಅಳೆದು ನೋಡಿದಿರಾ, ಆರು ತಿಂಗಳ ಮೇಲೆ ಅಳೆಯಲು ಯಾವಾಗ ಬರಬೇಕು. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು, ಆ ಚೀಟಿಯನ್ನು ಸ್ಕ್ಯಾನಿನ ಫಿಲ್ಮಿನ ಜೊತೆಯಲ್ಲಿಯೇ ಇಟ್ಟುಕೊಳ್ಳಿ.